ಸಹಾಯ ಬೇಕು: ಗಂಡನ ಅಕ್ರಮ ಸಂಬಂಧ ಮಾನಸಿಕ ಹಿಂಸೆ ಅಂತ ಕೇಸ್ ಆಗುತ್ತಾ?

ನಮಸ್ಕಾರ. ಇದು ನನ್ನ ಅಕ್ಕನ ವಿಷಯ. ಗುಂಪಿನಲ್ಲಿ ವಕೀಲರಿದ್ದರೆ ದಯವಿಟ್ಟು ಓದಿ.

ಭಾವನಿಗೆ ಬೇರೆ ಸಂಬಂಧ ಇದೆ. ಮುಚ್ಚಿಡುವುದೂ ಇಲ್ಲ. ಅಕ್ಕ ರೊಟ್ಟಿ ಬಡಿಸುತ್ತಿದ್ದರೆ ಸ್ಪೀಕರ್ ಹಾಕಿಕೊಂಡೇ ಆಕೆ ಜೊತೆ ಮಾತಾಡುತ್ತಾನೆ. ಕೇಳಿದರೆ, "2018ರಲ್ಲೇ ಸುಪ್ರೀಂ ಕೋರ್ಟ್ 497 ತೆಗೆದುಹಾಕಿದೆ, ಏನ್ ಮಾಡ್ಕೋತೀಯ?" ಅಂತಾನೆ. (497 ಅಂದರೆ ಹಳೆಯ ದಂಡ ಸಂಹಿತೆ ಐಪಿಸಿಯಲ್ಲಿ ವ್ಯಭಿಚಾರವನ್ನು ಅಪರಾಧ ಅನ್ನುತ್ತಿದ್ದ ಸೆಕ್ಷನ್.) ಕಾನೂನು ಬೇಕಾದಷ್ಟೇ ಓದಿಕೊಂಡಿದ್ದಾನೆ! ಅಕ್ಕನಿಗೆ ಈಗ ನಿದ್ದೆ ಇಲ್ಲ, ಮಾತ್ರೆ ತಗೋತಾಳೆ.

ನಾನು ಹುಡುಕಿದಾಗ ತಿಳಿದಿದ್ದು: ಹೆಂಡತಿ ಮೇಲಿನ ಕ್ರೌರ್ಯಕ್ಕಿದ್ದ ಐಪಿಸಿ 498ಎ ಈಗ ಹೊಸ ಭಾರತೀಯ ನ್ಯಾಯ ಸಂಹಿತೆಯ 85, 86ನೇ ಸೆಕ್ಷನ್. ಮಾನಸಿಕ ಆರೋಗ್ಯಕ್ಕೆ ತೀವ್ರ ಹಾನಿ ಮಾಡುವಂಥ ನಡತೆಯೂ ಕ್ರೌರ್ಯವೇ, ಮೂರು ವರ್ಷದವರೆಗೆ ಜೈಲು. ಆದರೆ ಸಂಬಂಧ ಇದೆ ಅನ್ನುವುದೊಂದೇ ಸಾಲದು ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಫಿಲಿಪ್ಪೀನ್ಸ್‌ನ 2004ರ ಕಾನೂನಲ್ಲಿ ದಾಂಪತ್ಯ ದ್ರೋಹವನ್ನೇ ಮಾನಸಿಕ ಹಿಂಸೆಯ ಪಟ್ಟಿಗೆ ಸೇರಿಸಿದ್ದಾರೆ. ನಮ್ಮಲ್ಲಿ ಹಾಗೆ ನೇರವಾಗಿ ಇಲ್ಲ ಅಲ್ವಾ?

ಹಾಗಾದರೆ ಈ ಸ್ಪೀಕರ್ ಆಟ, ಹೀಯಾಳಿಕೆ, ಇವೆಲ್ಲ ಕ್ರೌರ್ಯ ಅನಿಸಿಕೊಳ್ಳುತ್ತವಾ? ಡಾಕ್ಟರ್ ಚೀಟಿ, ಫೋನ್ ರೆಕಾರ್ಡಿಂಗ್ ಸಾಕ್ಷಿಯಾಗುತ್ತವಾ? ಇದೆಲ್ಲ ಶುರುವಾಗಿದ್ದು 2023ರಲ್ಲಿ, ಹೊಸ ಸಂಹಿತೆ ಬಂದಿದ್ದು 2024ರ ಜುಲೈ 1ಕ್ಕೆ. ದೂರು ಯಾವುದರ ಕೆಳಗೆ? ಜೊತೆಗೇ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಸಂರಕ್ಷಣಾಧಿಕಾರಿ ಹತ್ತಿರವೂ ಹೋಗಬಹುದಾ?

ಠಾಣೆಗೆ ಹೋಗಿದ್ದೆವು. "ಸಂಸಾರ ಅಂದ್ಮೇಲೆ ಇದ್ದಿದ್ದೇ, ಅಡ್ಜಸ್ಟ್ ಮಾಡ್ಕೊಳ್ಳಮ್ಮ" ಅಂದು ಕಳಿಸಿದರು. ಸುಮ್ನೆ ಬುದ್ಧಿಮಾತು ಬೇಡ, ಅದು ಈಗಾಗಲೇ ಜಾಸ್ತಿ ಆಗಿದೆ. ದಾವಣಗೆರೆ ಕಡೆ ಒಳ್ಳೆಯ ವಕೀಲರು ಗೊತ್ತಿದ್ದರೆ ಇನ್‌ಬಾಕ್ಸ್‌ಗೆ ತಿಳಿಸಿ.