ಡಿ.ಫಾರ್ಮ ಗೆಳೆಯರು, ದಾವಣಗೆರೆ: ಒಂದು ಫಾರ್ವರ್ಡ್ ಜಗಳ

ಕೊಟ್ರೇಶ: *ಫಾರ್ವರ್ಡ್ ಆಗಿದ್ದು:* ತಲೆ ಮಾತ್ರೆ (ಮಾನಸಿಕ ಕಾಯಿಲೆಗೆ ಕೊಡೋದು) ತಿಂದ್ರೆ ಮೂರೇ ತಿಂಗಳಲ್ಲಿ ಶುಗರ್! ಇವತ್ತೇ ನಿಲ್ಲಿಸಿ. ಎಲ್ಲಾ ಗ್ರೂಪಿಗೂ ಕಳಿಸಿ 🙏

ರೇಣುಕಾ: ಏ ಕೊಟ್ರೇಶ, ಔಷಧಿ ಓದಿದೋನು ನೀನು. ಇದನ್ನ ಹೆಂಗೆ ಹಾಕಿದೆ?

ಕೊಟ್ರೇಶ: ಸುಳ್ಳೇನೈತೆ? ಒಲಾಂಜಪಿನ್ ಅನ್ನೋ ತಲೆ ಮಾತ್ರೆ ಶುರುವಾದ್ರೆ ಎರಡು ರೊಟ್ಟಿ ತಿನ್ನೋನು ಆರು ತಿಂತಾನೆ. ಸಂಜೆ ಮಂಡಕ್ಕಿ ಮಿರ್ಚಿ ಬೇರೆ. ಚೀಟಿ ಬರೆಯೋರು ತೂಕ ನೋಡ್ತಾರಾ?

ರೇಣುಕಾ: ಹಸಿವು ನಿಜ. ಅದಕ್ಕೇ ಶುರು ಮಾಡೋ ದಿನವೇ ತೂಕ, ಸೊಂಟದ ಸುತ್ತಳತೆ, ಬಿಪಿ, ಖಾಲಿ ಹೊಟ್ಟೆ ಶುಗರ್, ಕೊಲೆಸ್ಟ್ರಾಲ್ ಬರೆದಿಡಬೇಕು. ತೂಕ 4, 8, 12ನೇ ವಾರ. ಶುಗರ್ 12ನೇ ವಾರ, ಆಮೇಲೆ ವರ್ಷಕ್ಕೊಮ್ಮೆ. ಏರ್ತಿದ್ರೆ ಡಾಕ್ಟರ್ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಸೇರಿಸ್ತಾರೆ, ಇಲ್ಲ ಅರಿಪಿಪ್ರಜೋಲ್ ಅನ್ನೋ ಬೇರೆ ತಲೆ ಮಾತ್ರೆಗೆ ಬದಲಾಯಿಸ್ತಾರೆ.

ತಿಪ್ಪೇಸ್ವಾಮಿ: ಅರಿಪಿಪ್ರಜೋಲ್ ಅಂದ್ರೆ ಮುಗೀತು ಅನ್ಬೇಡ ರೇಣುಕಾ. ತೂಕ ಏರೋದು ಕಡಿಮೆ, ಚಡಪಡಿಕೆ ಜಾಸ್ತಿ. ಕೂತೋನು ಎದ್ದು ಬಾಗಿಲಿಗೆ ಹೋಗ್ತಾನೆ, ವಾಪಸ್ ಬರ್ತಾನೆ, ನಿಂತಲ್ಲೇ ಕಾಲು ಬದಲಾಯಿಸ್ತಾನೆ. ಕಾಯಿಲೆ ಜೋರಾಯ್ತು ಅಂತ ಡೋಸ್ ಏರಿಸ್ತಾರೆ, ಚಡಪಡಿಕೆ ಇನ್ನೂ ಏರುತ್ತೆ. ಇಳಿಸಬೇಕಿತ್ತು, ಇಲ್ಲ ಪ್ರೊಪ್ರನಲಾಲ್ ಕೊಡಬೇಕಿತ್ತು. ಉಬ್ಬಸ ಇದ್ದೋರಿಗೆ ಅದೂ ಆಗಲ್ಲ.

ಕೊಟ್ರೇಶ: ಪ್ಯಾಸಿಟೇನ್ 2 ಎಂಜಿ ಜತೆಗೇ ಕೊಡೋದು ಅದಕ್ಕೇ ಅಲ್ವಾ?

ತಿಪ್ಪೇಸ್ವಾಮಿ: ಅಲ್ಲ ಮಾರಾಯ. ಅದು ಕುತ್ತಿಗೆ ತಿರುಚೋದಕ್ಕೆ, ನಡುಕಕ್ಕೆ, ಬಿಗಿತಕ್ಕೆ. ಚಡಪಡಿಕೆಗೆ ಅಷ್ಟು ನಾಟಲ್ಲ. ವಯಸ್ಸಾದೋರಿಗೆ ಮರೆವು, ಮೂತ್ರ ಕಟ್ಟೋದು. ವರ್ಷಗಟ್ಟಲೆ ಮಾತ್ರೆ ತಿಂದು ಬಾಯಿ ಚಪ್ಪರಿಸೋ ತೊಂದರೆ ಬಂದಿದ್ರೆ ಅದನ್ನ ಹೆಚ್ಚಿಸುತ್ತೆ. ಎಲ್ಲಾ ಚೀಟಿಗೂ ಬರೆಯೋದು ಚಟ ಅಷ್ಟೇ.

ರೇಣುಕಾ: ಹಾಲೊಪೆರಿಡಾಲ್ (ಇದೂ ತಲೆ ಔಷಧಿನೇ) ಇಂಜೆಕ್ಷನ್ ಬಿದ್ದ ಹುಡುಗರಿಗೆ ಮೊದಲ ವಾರ ಪ್ಯಾಸಿಟೇನ್ ಕೊಟ್ರೆ ಚಟ ಅಲ್ಲ, ಬೇಕೇ ಬೇಕು. ಆಮೇಲೆ ಬಿಡಿಸಲ್ಲ, ತಪ್ಪಿರೋದು ಅಲ್ಲಿ.

ಕೊಟ್ರೇಶ: ಇಬ್ಬರೂ ಹೇಳಿದ್ದು ತೊಂದರೆಗಳನ್ನೇ. ನಿಲ್ಲಿಸಿದ್ರೆ ಮೊದಲ ತಿಂಗಳು ಮನುಷ್ಯ ಗೆಲುವಾಗಿರ್ತಾನೆ, ಹೌದೋ ಇಲ್ವೋ?

ರೇಣುಕಾ: ಮೋಸ ಇರೋದೇ ಅಲ್ಲಿ. ಮಂಪರು ಹೋಗುತ್ತೆ, ಮುಖಕ್ಕೆ ಕಳೆ ಬರುತ್ತೆ. ಕಾಯಿಲೆ ಎಷ್ಟೋ ಸಲ ತಿಂಗಳುಗಳಾದ ಮೇಲೆ ಮರಳುತ್ತೆ, ಅಷ್ಟರಲ್ಲಿ ಮಾತ್ರೆ ಬಿಟ್ಟಿದ್ದು ಮನೆಯೋರಿಗೆ ಮರೆತಿರುತ್ತೆ. ನಿದ್ದೆ ಕೆಟ್ಟರೆ ಆಗಲೇ ಎಚ್ಚರ ಆಗ್ಬೇಕು. ಇಳಿಸೋದಿದ್ರೆ ಡಾಕ್ಟರ್ ಕೈಯಲ್ಲಿ, ತಿಂಗಳುಗಟ್ಟಲೆ. ಒಲಾಂಜಪಿನ್ 20 ಎಂಜಿಯಿಂದ 10ಕ್ಕೆ ಬಂದಷ್ಟು ಸಲೀಸಲ್ಲ 5ರಿಂದ ಸೊನ್ನೆಗೆ. ಆ 5 ಎಂಜಿನೇ ಮೆದುಳಲ್ಲಿ ಡೋಪಮೈನ್ ಅನ್ನೋ ರಾಸಾಯನಿಕ ಕೂರೋ ಜಾಗದಾಗೆ ಸುಮಾರು ಅರ್ಧ ಹಿಡಿದಿರುತ್ತೆ.

ತಿಪ್ಪೇಸ್ವಾಮಿ: ಕ್ಲೋಜಪಿನ್ ಅನ್ನೋ ತಲೆ ಮಾತ್ರೆ ಲೆಕ್ಕವೇ ಬೇರೆ. 48 ಗಂಟೆ ತಪ್ಪಿದ್ರೆ ಹಳೇ ಡೋಸ್ ನುಂಗಂಗಿಲ್ಲ, ಬಿಪಿ ಕುಸಿದು ಬೀಳ್ತಾರೆ. ಡಾಕ್ಟರ್‌ಗೆ ಹೇಳಿ 12.5 ಎಂಜಿಯಿಂದ ಮತ್ತೆ ಶುರು. ಮೊದಲ 18 ವಾರ ಪ್ರತಿ ವಾರ ಬಿಳಿ ರಕ್ತಕಣ ನೋಡ್ತಾರೆ ಸರಿ, ಮಲಬದ್ಧತೆ ಯಾರೂ ಕೇಳಲ್ಲ. ಕರುಳು ಕಟ್ಟಿ ಜೀವ ಹೋಗೋದೂ ಉಂಟು.

ಕೊಟ್ರೇಶ: ಬೀಡಿ ಬಿಟ್ರೂ ಏನೋ ಆಗುತ್ತಲ್ಲ ಅದ್ರಲ್ಲಿ?

ತಿಪ್ಪೇಸ್ವಾಮಿ: ಈಗ ಓದಿದೋನ ಥರ ಮಾತಾಡ್ದೆ. ಹೊಗೆ ಲಿವರನ್ನ ಚುರುಕು ಮಾಡಿರುತ್ತೆ, ನಿಕೋಟಿನ್ ಅಲ್ಲ, ಹೊಗೆ. ಬಿಟ್ಟ ಒಂದು ವಾರದಾಗೆ ರಕ್ತದಲ್ಲಿ ಔಷಧಿ ಏರುತ್ತೆ: ಜೊಲ್ಲು, ಮಂಪರು, ಕೆಲವರಿಗೆ ಫಿಟ್ಸ್. ವಾರ್ಡಿಗೆ ಸೇರಿಸಿ ಬೀಡಿ ಕಟ್ಟು ಕಸ್ಕೊಂಡಾಗ ಡಾಕ್ಟರ್‌ಗೆ ಹೇಳಲೇಬೇಕು.

ಮಂಜುಳಾ, ಅಡ್ಮಿನ್: ಕೊಟ್ರೇಶ, ಅದನ್ನ ತೆಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಾಕು, ಕನ್ನಡದಲ್ಲೇ ಮಾತಾಡ್ತಾರೆ.

ಕೊಟ್ರೇಶ: ತೆಗೆದೆ. ನಮ್ಮ ಕೇರಿ ಗ್ರೂಪಿಗೂ ಹೋಗೈತೆ. ಅಲ್ಲಿಗೆ ಏನು ಬರೀಲಿ?

ರೇಣುಕಾ: ತೂಕದ ವಾರಗಳು ಬರಿ. ಜ್ವರ ಬಂದು, ಮೈ ಕಟ್ಟಿಗೆ ಆಗಿ, ಮಾತು ತಪ್ಪಿದ್ರೆ ಬೆಳಗಾಗೋವರೆಗೂ ಕಾಯದೆ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ ಅಂತ ಸೇರಿಸು. ಉದ್ದ ಮಾಡಬೇಡ, ಯಾರೂ ಓದಲ್ಲ.