ಸಹಾಯ ಬೇಕು: ಕಾರವಾರ ಕಡೆ ಕೊಂಕಣಿ ಬಲ್ಲ ಬೆಂಬಲ ವ್ಯಕ್ತಿ, ಡಿಜಿಟಲ್ ಸಾಕ್ಷ್ಯ ತಜ್ಞರು

ಆನ್‌ಲೈನ್ ಲೈಂಗಿಕ ಶೋಷಣೆಗೆ ಒಳಗಾದ ಮಕ್ಕಳ ಪೋಕ್ಸೊ ಪ್ರಕರಣಗಳಿಗೆ ಇಬ್ಬರ ನೆರವು ಬೇಕಿದೆ.

ಒಬ್ಬರು, ತೀರ್ಪಿನವರೆಗೂ ಮಗುವಿನ ಜತೆಗಿರುವ ಬೆಂಬಲ ವ್ಯಕ್ತಿ. ನೇಮಿಸುವುದು ಮಕ್ಕಳ ಕಲ್ಯಾಣ ಸಮಿತಿ. ಮನೆಮಾತು ಕೊಂಕಣಿಯಾದ ಮಗುವಿಗೆ ಇಂಥದ್ದನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳುವುದು ತುಂಬ ಕಷ್ಟ.

ಇನ್ನೊಬ್ಬರು, ಹ್ಯಾಶ್ (ಫೈಲ್ ಬದಲಾಗಿಲ್ಲ ಎಂದು ತೋರಿಸುವ ಡಿಜಿಟಲ್ ಬೆರಳಚ್ಚು) ತೆಗೆಯಬಲ್ಲ ತಜ್ಞರು. ಬರೀ ಸ್ಕ್ರೀನ್‌ಶಾಟ್ ಪ್ರಿಂಟ್ ಪಾಟೀಸವಾಲಿನಲ್ಲಿ ನಿಲ್ಲುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 63(4)ರ ಪ್ರಮಾಣಪತ್ರ ಬೇಕು: ಭಾಗ ‘ಎ’ ಸಾಕ್ಷ್ಯ ಹಾಜರುಪಡಿಸುವವರದು, ಭಾಗ ‘ಬಿ’ ತಜ್ಞರದು. ಎರಡರಲ್ಲೂ ಹ್ಯಾಶ್ ಮೌಲ್ಯ ಬರೆಯಬೇಕು.

ಪಾಲಕರೇ, ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ, ಫೋನ್ ರೀಸೆಟ್ ಮಾಡಬೇಡಿ. ಪ್ರೊಫೈಲ್ ಲಿಂಕ್, ದಿನಾಂಕ, ಸಮಯ ಬರೆದಿಡಿ. ಚಿತ್ರಗಳನ್ನು ನಮಗೂ ಕಳಿಸಬೇಡಿ, ಹಂಚುವುದೇ ಅಪರಾಧ. ಮಗುವಿನ ಹೆಸರು, ಶಾಲೆ ಇಲ್ಲಿ ಬರೆಯಲೇಬೇಡಿ.

ಬರಬಲ್ಲವರು ಖಾಸಗಿ ಸಂದೇಶ ಹಾಕಿ.