ಲೆಕ್ಕದಲ್ಲಿ ಲಾಭ ಇದೆ, ಸಂಬಳದ ದಿನ ಖಾತೆ ಖಾಲಿ. ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ: ಹೊಸಹೆಜ್ಜೆ

ಸಣ್ಣ ತಯಾರಿಕಾ ಘಟಕ, 6 ಜನ ಕೆಲಸಗಾರರು, ಇಬ್ಬರು ಪಾಲುದಾರರು. ಆರ್ಡರ್‌ಗೆ ಕೊರತೆ ಇಲ್ಲ. ಆದರೂ ತಿಂಗಳ ಕೊನೆ ವಾರ ಸಂಬಳಕ್ಕೆ ಪರದಾಟ. ಪಾಲುದಾರರ ನಡುವೆ ಬರವಣಿಗೆಯಲ್ಲಿ ಏನೂ ಆಗಿಲ್ಲ. ಸಣ್ಣಪುಟ್ಟ ತೀರ್ಮಾನಕ್ಕೂ ಎಲ್ಲರೂ ನನ್ನ ಹತ್ತಿರವೇ ಬರ್ತಾರೆ. ಉದ್ಯಮಕ್ಕೆ ಇಳಿಯೋರಿಗೆ ಯಾರೂ ಮೊದಲೇ ಹೇಳದ ಕಷ್ಟಗಳು ಯಾವುವು, ಎಲ್ಲಿಂದ ಸರಿಮಾಡಬೇಕು? ಧೈರ್ಯದ ಮಾತಿಗಿಂತ ಲೆಕ್ಕ ಹೇಳಿದರೆ ಉಪಕಾರ.

ಉತ್ತರ: ಶಿಲ್ಕುಪುಸ್ತಕ

ಲಾಭ ಬೇರೆ, ಶಿಲ್ಕು (ಕೈಯಲ್ಲಿ ಉಳಿದಿರೋ ನಗದು) ಬೇರೆ ಸರ್. ಬಿಲ್ ಹಾಕಿದ ದಿನವೇ ಲಾಭ ಪುಸ್ತಕಕ್ಕೆ ಏರುತ್ತೆ. ದುಡ್ಡು ಬರೋದು ಗಿರಾಕಿ ಕೊಟ್ಟಾಗ. ಆ ನಡುವಿನ ದಿನಗಳನ್ನು ಮೊದಲು ಎಣಿಸಿ. ಕಚ್ಚಾ ಮಾಲು ಬಂದು ಸಿದ್ಧ ಮಾಲಾಗಿ ಹೊರಡೋಕೆ 30 ದಿನ, ಬಿಲ್ ಹಣ ಬರೋಕೆ 60 ದಿನ, ಮಾಲು ಕೊಟ್ಟವರು ನಿಮಗೆ ಕೊಡೋ ಗಡುವು 15 ದಿನ ಅಂತಿಟ್ಟುಕೊಳ್ಳಿ. 30 + 60 − 15 = 75. ದಿನಕ್ಕೆ 10,000 ಖರ್ಚಿದ್ದರೆ ಸುಮಾರು 7.5 ಲಕ್ಷ ಸದಾ ಬೀದಿಯಲ್ಲಿ ಸಿಕ್ಕಿಕೊಂಡಿರುತ್ತೆ. ವ್ಯಾಪಾರ ದುಪ್ಪಟ್ಟಾದರೆ 15 ಲಕ್ಷ. ದೊಡ್ಡ ಆರ್ಡರ್ ಸಿಕ್ಕ ಖುಷಿಯಲ್ಲೇ ಘಟಕ ಉಸಿರುಗಟ್ಟೋದು ಇದರಿಂದಲೇ.

13 ವಾರದ ನಗದು ಹಾಳೆ ಮಾಡಿ. ಪ್ರತಿ ವಾರಕ್ಕೆ ಒಂದು ಕಾಲಂ. ಮೇಲಿಂದ ಕೆಳಗೆ ಆರಂಭದ ಶಿಲ್ಕು, ಬರೋದು, ಹೋಗೋದು, ಉಳಿದದ್ದು. ಬರೋ ಹಣವನ್ನು ಬಿಲ್ಲಿನ ಗಡುವಿನ ವಾರದಲ್ಲಿ ಬರೀಬೇಡಿ. 20 ದಿನ ತಡ ಮಾಡೋ ಗಿರಾಕಿ ಆದರೆ 20 ದಿನ ಮುಂದಕ್ಕೇ ಬರೀರಿ. ಬಹುಪಾಲು ಹಾಳೆಗಳು ಸುಳ್ಳಾಗೋದು ಇಲ್ಲೇ. ವಾರಕ್ಕೊಮ್ಮೆ ತಿದ್ದಿ. ಆರನೇ ವಾರದ ಶಿಲ್ಕು ಮೈನಸ್ ಅಂತ ಇವತ್ತೇ ಕಂಡರೆ ವಸೂಲಿಗೆ, ಖರೀದಿ ಮುಂದೂಡೋಕೆ, ಬ್ಯಾಂಕಿನ ಜೊತೆ ಮಾತಾಡೋಕೆ ಸಮಯ ಇರುತ್ತೆ. ಅದೇ ವಾರ ಕಂಡರೆ ಕೈಸಾಲ ಒಂದೇ ದಾರಿ.

ಇನ್ನು ಬಿಲ್. ಮಾಲು ಹೊರಟ ದಿನವೇ ಬಿಲ್ ಹೋಗಬೇಕು, ತಿಂಗಳ ಕೊನೆಗೆ ಒಟ್ಟಿಗೆ ಅಲ್ಲ. ಆರ್ಡರ್ ನಂಬರ್ ಬಿಟ್ಟುಹೋದ ಬಿಲ್ ಗಿರಾಕಿಯ ಲೆಕ್ಕಪತ್ರ ವಿಭಾಗದ ಮೇಜಿನ ಮೇಲೆ ಹಾಗೇ ಕೂತಿರುತ್ತೆ, ನಿಮಗೆ ಅದು ಗೊತ್ತಾಗೋದು 60ನೇ ದಿನ ಫೋನ್ ಮಾಡಿದಾಗ. ಆದ್ದರಿಂದ ಏಳನೇ ದಿನವೇ ಫೋನ್ ಮಾಡಿ "ಬಿಲ್ ಎಂಟ್ರಿ ಆಯ್ತಾ?" ಅಂತ ಕೇಳಿ. ಗಿರಾಕಿಯಿಂದ ಪಡೆದ ತೆರಿಗೆ ಹಣ ಬಂದ ದಿನವೇ ಬೇರೆ ಖಾತೆಗೆ ಹೋಗಲಿ. ಅದು ನಿಮ್ಮದಲ್ಲ.

ನಿವ್ವಳ ಲಾಭ 10% ಆಗಿದ್ದರೆ, ಗಿರಾಕಿಯ ಬಾಕಿ 1 ಲಕ್ಷ ಮುಳುಗಿದಾಗ ಅದನ್ನು ತುಂಬೋಕೆ 10 ಲಕ್ಷದ ವ್ಯಾಪಾರ ಬೇಕು. ಸಾಲ ಕೊಡೋ ಮುಂಚೆ ಇದು ನೆನಪಿರಲಿ.

ಉತ್ತರ: ಕರಾರುಪತ್ರ

ನನಗೆ ಹೆಚ್ಚು ಆತಂಕ ಆಗಿದ್ದು "ಬರವಣಿಗೆಯಲ್ಲಿ ಏನೂ ಆಗಿಲ್ಲ" ಅನ್ನೋ ಮಾತು. ಅರ್ಧರ್ಧ ಪಾಲು ಅಂತ ಬಾಯಿಮಾತಲ್ಲಿ ಹಂಚಿಕೊಂಡು, ಒಬ್ಬರು ಎಂಟನೇ ತಿಂಗಳಿಗೆ ಹೊರಟರೆ ಉಳಿದವರು ಮುಂದಿನ ಅಷ್ಟೂ ವರ್ಷ ಅವರಿಗಾಗಿಯೂ ದುಡೀಬೇಕು. ಇದಕ್ಕೆ ಪರಿಹಾರ, ಪಾಲು ಒಮ್ಮೆಲೇ ಅಲ್ಲ, ದುಡಿದ ಕಾಲಕ್ಕೆ ತಕ್ಕಂತೆ ಕೈಸೇರೋ ಹಾಗೆ ಬರೆದುಕೊಳ್ಳೋದು. ಸ್ಟಾರ್ಟಪ್‌ಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರೋ ಕ್ರಮ 4 ವರ್ಷದ್ದು: ಮೊದಲ ವರ್ಷ ತುಂಬೋವರೆಗೆ ಏನೂ ಇಲ್ಲ, ತುಂಬಿದ ದಿನ ಪಾಲಿನ 25%, ಉಳಿದದ್ದು 36 ತಿಂಗಳಲ್ಲಿ ಸಮನಾಗಿ. ಯಾವ ವಿಷಯದಲ್ಲಿ ಯಾರ ಮಾತು ಕೊನೆ ಅನ್ನೋದೂ ಬರೀರಿ, ಇಲ್ಲದಿದ್ದರೆ ಸಮಪಾಲಿನಲ್ಲಿ ಭಿನ್ನಾಭಿಪ್ರಾಯ ಬಂದಾಗ ಎಲ್ಲವೂ ನಿಂತುಬಿಡುತ್ತೆ. ಸ್ನೇಹ ಚೆನ್ನಾಗಿರೋವಾಗಲೇ ಸಹಿ ಆಗಲಿ. ಮನಸ್ತಾಪ ಬಂದಮೇಲೆ ಒಂದೊಂದು ಪದಕ್ಕೂ ಜಗಳ.

ಇನ್ನೊಂದು, ವೈಯಕ್ತಿಕ ಜಾಮೀನು, ಅಂದರೆ ಕಂಪನಿ ಸಾಲ ಕಟ್ಟದಿದ್ದರೆ ನಾನೇ ಕಟ್ಟುತ್ತೇನೆ ಅಂತ ಬ್ಯಾಂಕಿಗೆ ಸಹಿ ಹಾಕಿಕೊಡೋದು. ಲಿಮಿಟೆಡ್ ಕಂಪನಿ ಆದರೆ ಸಾಲ ಮನೆ ಬಾಗಿಲಿಗೆ ಬರಲ್ಲ ಅನ್ನೋದು ಆ ಒಂದು ಸಹಿ ಬೀಳೋವರೆಗೆ ಮಾತ್ರ. ಮೊತ್ತಕ್ಕೆ ಮಿತಿ ಇದೆಯಾ, ಒಬ್ಬರಿಂದಲೇ ಪೂರ್ತಿ ವಸೂಲಿ ಮಾಡಬಹುದಾ, ಯಾವಾಗ ಮುಗಿಯುತ್ತೆ, ಈ ಮೂರನ್ನು ಓದದೆ ಸಹಿ ಬೇಡ. ಕಂಪನಿ ಬಿಟ್ಟ ಮಾತ್ರಕ್ಕೆ ಜಾಮೀನು ಬಿಡಲ್ಲ, ಬ್ಯಾಂಕಿನಿಂದ ಬಿಡುಗಡೆ ಪತ್ರ ಬೇಕು. ಸಹಿಗೆ ಮುಂಚೆ ಮನೆಯವರಿಗೂ ಗೊತ್ತಿರಲಿ.

ಉತ್ತರ: ನೊಗ

ಎಲ್ಲರೂ ನಿಮ್ಮ ಹತ್ತಿರವೇ ಬರೋದಕ್ಕೆ: ಒಂದು ವಾರ ಬಂದ ಪ್ರಶ್ನೆಗಳನ್ನೆಲ್ಲ ಪುಸ್ತಕದಲ್ಲಿ ಗುರುತು ಮಾಡಿ. ಒಂದೇ ದಿನದಲ್ಲಿ ತಿದ್ದಿಕೊಳ್ಳಬಹುದಾದ, ನಿಗದಿತ ಮೊತ್ತದೊಳಗಿನ ತೀರ್ಮಾನಗಳನ್ನು ಹೆಸರು ಹೇಳಿ ಒಬ್ಬೊಬ್ಬರಿಗೆ ವಹಿಸಿ. ಮೊದಲ ಕೆಲವು ವಾರ ತಪ್ಪಾಗುತ್ತೆ. ಆಗ ಕಿತ್ತುಕೊಂಡರೆ ಮತ್ತೆ ಯಾರೂ ಕೈಚಾಚಲ್ಲ. 6 ಜನರಲ್ಲಿ ಮಾತುಕತೆಯ ಜೋಡಿಗಳು 15, 12 ಜನ ಆದಾಗ 66. ಈಗಲೇ ಹಂಚದಿದ್ದರೆ ಆಮೇಲೆ ಅಸಾಧ್ಯ.

ಸಂಬಳ ತಡವಾಗೋ ಹಾಗಿದ್ದರೆ ಮುಂಚೆಯೇ, ನೀವೇ ಎದುರಿಗೆ ನಿಂತು, ತಾರೀಖು ಸಮೇತ ಹೇಳಿ. ದಿನ ದಾಟಿದಮೇಲೆ ಹೇಳಿದರೆ ಮುಂದಿನ ಮಾತನ್ನು ಯಾರೂ ನಂಬಲ್ಲ.

ನಿಮ್ಮ ಸಂಬಳವನ್ನೂ ತಗೊಳ್ಳದಿದ್ದರೂ ಖರ್ಚಿನಲ್ಲಿ ಬರೀರಿ. ಇಲ್ಲದಿದ್ದರೆ ನೀವು ಹೇಳೋ ದರವೇ ಸುಳ್ಳು. ನಾಳೆ ನಿಮ್ಮ ಜಾಗಕ್ಕೆ ಒಬ್ಬರನ್ನು ಇಡೋಕೆ ಹೋದಾಗ ಲಾಭ ಕರಗಿಹೋಗುತ್ತೆ.

ಹೊಸಹೆಜ್ಜೆ

ತುಂಬಾ ಧನ್ಯವಾದ. ಮುಂಗಡ ಕೇಳಿದರೆ ಗಿರಾಕಿ ಕೈತಪ್ಪೋ ಭಯ. ಹೇಗೆ ಕೇಳೋದು?

ಶಿಲ್ಕುಪುಸ್ತಕ

ಹಳಬರಿಂದ ಶುರು ಮಾಡಬೇಡಿ, ಹೊಸ ಆರ್ಡರ್‌ಗಳಿಂದ ಮಾಡಿ. ಕಚ್ಚಾ ಮಾಲಿನ ಖರ್ಚಿನಷ್ಟು ಮಾತ್ರ ಕೇಳಿ, ಉದಾಹರಣೆಗೆ 40%, ಕಾರಣವನ್ನೂ ಹಾಗೇ ಹೇಳಿ. ಎರಡು ದರ ಕೊಡಿ: ಮುಂಗಡ ಕೊಟ್ಟರೆ ಒಂದು, 60 ದಿನ ಸಾಲ ಬೇಕಾದರೆ ಬಡ್ಡಿ ಸೇರಿಸಿ ಇನ್ನೊಂದು. ಎರಡಕ್ಕೂ ಒಪ್ಪದವರ ಬಾಕಿ ಎಷ್ಟು ದಿನ ನಿಲ್ಲುತ್ತೆ ಅಂತ 13 ವಾರದ ಹಾಳೆಯಲ್ಲಿ ಹಾಕಿ ನೋಡಿ, ಆಮೇಲೆ ಆರ್ಡರ್ ಹಿಡೀರಿ.